ಸೆಕೆಂಡ್ ಹ್ಯಾಂಡ್ ಕಾರ್ ತಗೋತೀರೇನು? ಟೋಟಲ್ ಲಾಸ್ ಗಾಡಿ ಗುರ್ತು ಹಿಡಿಯೋದು ಹಿಂಗ

ನಮ್ಮ ಕಾಕಾನ ಮಗ ಗದಗಿನ್ಯಾಗ ಅಂಗಡಿ ಇಟ್ಟಾನ, ಮಾಲ್ ತರಾಕ ವಾರಕ್ಕ ಮೂರು ಸಲ ಹುಬ್ಬಳ್ಳಿಗೆ ಬರ್ತಾನ, ಅದಕ್ಕಂತ ಒಂದು ಹಳೇ ಕಾರ್ ತಗೊಂಡ. ಪೇಂಟ್ ಫಳಫಳ, ಆರ್‌ಸಿ ಒರಿಜಿನಲ್, ರೇಟೂ ಕಡಿಮಿ. ಮೂರು ತಿಂಗಳಿಗೆ ಮುಂದಿನ ಟೈರ್ ಒಂದ ಕಡೆ ಸವಿಯಾಕ ಹತ್ತಿತು, ಬಾಗಿಲು ಸರಿ ಕೂಡವಲ್ದು. ಗ್ಯಾರೇಜ್‌ನ್ಯಾಗ ಲಿಫ್ಟ್ ಮ್ಯಾಲೆ ಏರಿಸಿ ನೋಡಿದ್ರ ಮುಂದಿನ ಚಾಸಿ, ಅಂದ್ರ ಗಾಡಿ ಭಾರ ಹೊರೋ ಕಬ್ಬಿಣದ ಚೌಕಟ್ಟು, ಕತ್ತರಿಸಿ ಬ್ಯಾರೆ ಗಾಡಿದು ತುಂಡು ತಂದು ವೆಲ್ಡಿಂಗ್ ಮಾಡಿದ್ರು. ಮಾರಿದಾವ್ನ ಕೇಳಿದ್ರ "ಆರ್‌ಸಿಯೊಳಗ ಏನರ ಬರದೈತೇನ್ರಿ?" ಅಂದ. ಖರೇನ, ಬರದಿರ್ಲಿಲ್ಲ.

ಅಮೆರಿಕಾದಾಗ ಹಿಂಗ ನಜ್ಜುಗುಜ್ಜಾದ ಗಾಡಿಗೆ ಟೈಟಲ್ ಅನ್ನೋ ಮಾಲಕತ್ವದ ಕಾಗದದ ಮ್ಯಾಲೇನ 'ಸಾಲ್ವೇಜ್' ಅಂತ ಗುರ್ತು ಬೀಳ್ತೈತಿ, ರಿಪೇರಿ ಆದಮ್ಯಾಲೆ 'ರೀಬಿಲ್ಟ್' ಅಂತ ಆಗ್ತೈತಿ. ನಮ್ಮ ಆರ್‌ಸಿಯೊಳಗ ಅಂಥ ಕಾಲಮ್ ಇಲ್ಲ. ಅದಕ್ಕ ಗಾಡಿ ಕಥಿ ಬ್ಯಾರೆ ಪೇಪರ್‌ನ್ಯಾಗ ನಾವ ಹುಡುಕಬೇಕು.

ಮೊದ್ಲ ಟೋಟಲ್ ಲಾಸ್ ಅಂದ್ರೇನು ತಿಳ್ಕೊಳ್ರಿ. ಪಾಲಿಸಿಯೊಳಗ ಐಡಿವಿ ಅಂತ ಗಾಡಿ ಕಿಮ್ಮತ್ತು ಇರ್ತೈತಿ, ರಿಪೇರಿ ಖರ್ಚು ಅದರ 75 ಪರ್ಸೆಂಟ್ ದಾಟಿದ್ರ ಇನ್ಶೂರೆನ್ಸ್‌ನವ್ರು ಅದನ್ನ ಟೋಟಲ್ ಲಾಸ್ ಅಂತಾರ. ಐಡಿವಿ 4 ಲಕ್ಷ ಇದ್ರ 3 ಲಕ್ಷದ ಮ್ಯಾಲಿನ ರಿಪೇರಿ. ರೊಕ್ಕ ಕೊಟ್ಟ ಮ್ಯಾಲೂ ಆ ಮುರದ ಗಾಡಿ ಯಾರಿಗರ ಮಾರಾಟ ಆಗ್ತೈತಿ, ಅದ ಟಿಂಕರಿಂಗ್ ಪೇಂಟಿಂಗ್ ಆಗಿ ಯಾರ್ಡ್‌ನ್ಯಾಗ ಬಂದು ನಿಂದರ್ತೈತಿ.

ಈಗ ಕೆಲಸ ಶುರು ಮಾಡ್ರಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನ್ಯಾಗ ಗಾಡಿ ನಂಬರ್ ಹಾಕ್ರಿ, ಧಾರವಾಡದ ಕೆಎ 25 ಇರ್ಲಿ, ಹುಬ್ಬಳ್ಳಿ 63 ಇರ್ಲಿ, ಗದಗಿನ 26, ಹಾವೇರಿ 27 ಯಾವ್ದರ ಇರ್ಲಿ, ಆರ್‌ಸಿ ಚಾಲ್ತಿ ಐತೇನು, ಸಾಲ ಐತೇನು, ಇನ್ಶೂರೆನ್ಸ್ ಯಾವಾಗ ಮುಗಿತೈತಿ ನೋಡ್ರಿ. ಆಮ್ಯಾಲೆ ಬಾನೆಟ್ ಎತ್ತಿ ಚಾಸಿ ನಂಬರ್, ಇಂಜಿನ್ ನಂಬರ್ ಒಂದೊಂದ ಅಕ್ಷರ ಕೈಯಿಟ್ಟು ಆರ್‌ಸಿ ಜೊತಿ ಹೊಂದಿಸ್ರಿ. ನಂಬರ್ ಸುತ್ತ ತಿಕ್ಕಿದ ಗುರ್ತು ಅಥವಾ ಹೊಸಾ ವೆಲ್ಡಿಂಗ್ ಕಂಡ್ರ ಅಲ್ಲಿಂದ ಹೊಳ್ಳಿ ಬರ್ರಿ, ಯಾಕಂದ್ರ ಗುಜರಿಗೆ ಹೋದ ಗಾಡಿ ಆರ್‌ಸಿ ತಗೊಂಡು ಕದ್ದ ಗಾಡಿಗೆ ಅಂಟಿಸೋ ದಂಧೇನೂ ಐತಿ.

ಇನ್ನ ನನ್ನ ಲೆಕ್ಕದಾಗ ಎಲ್ಲಕ್ಕಿಂತ ಮುಖ್ಯ ಪೇಪರ್ ಅಂದ್ರ ಹಳೇ ಪಾಲಿಸಿ ಕಾಪಿ. ಹಿಂದಿನ ಮೂರು ವರ್ಷದ್ದು ಕೇಳ್ರಿ, ಅದರಾಗ ಎನ್‌ಸಿಬಿ ಅಂತ ಒಂದು ಸಾಲು ಇರ್ತೈತಿ, ಕ್ಲೇಮ್ ಮಾಡದ ಇದ್ದಾಂವಗ ಸಿಗೋ ಸೋಡಿ ಅದು, ಮೊದ್ಲನೇ ವರ್ಷ 20 ಪರ್ಸೆಂಟ್, ಆಮ್ಯಾಲೆ 25, 35, 45, ಕಡೀಕ 50. 35 ಇದ್ದದ್ದು ಮುಂದಿನ ವರ್ಷ ಸೊನ್ನೆಗೆ ಬಿದ್ದಿದ್ರ ನಡುವ ಕ್ಲೇಮ್ ಆಗಿರಬಹುದು. ಓನರ್ ಬದ್ಲಾದ್ರೂ, ಬರೇ ಥರ್ಡ್ ಪಾರ್ಟಿ ಪಾಲಿಸಿ ಇದ್ರೂ ಎನ್‌ಸಿಬಿ ಇರಂಗಿಲ್ಲ, ಅದಕ್ಕ ಕಾರಣ ಕೇಳಿ ತಿಳ್ಕೊಳ್ರಿ. ಕ್ಲೇಮ್ ಆಗಿದ್ರ ನುಕ್ಸಾನ ಅಳದ ಇನ್ಶೂರೆನ್ಸ್ ಸರ್ವೇಯರ್‌ನ ರಿಪೋರ್ಟ್, ಗ್ಯಾರೇಜ್ ಬಿಲ್ ತೋರಸ್ರಿ ಅನ್ರಿ. "ಪೇಪರ್ ಕಳದಾವ" ಅಂದ್ರ ನಂಬ್ಯಾಡ್ರಿ.

ಗಾಡಿ ಮೈ ನೋಡೋದು ಮೆಕ್ಯಾನಿಕ್‌ಗೆ ಬಿಡ್ರಿ, ಆದ್ರ ಒಂದು ಕೆಲಸ ನೀವ ಮಾಡ್ರಿ. ಸೀಟ್ ಬೆಲ್ಟ್ ಕಡೀತನಕ ಎಳೀರಿ. ಕೆಳಗ ಹೊಲದಿರೋ ಚೀಟಿ ಮ್ಯಾಲೆ ಬೆಲ್ಟ್ ತಯಾರಾದ ತಾರೀಖು ಇರ್ತೈತಿ, ಗಾಡಿಕಿಂತ ಬೆಲ್ಟ್ ಹೊಸಾದಿದ್ರ ಯಾಕ ಬದಲಿಸಿದ್ರಿ ಅಂತ ಕೇಳ್ರಿ. ಸುರಳಿಯೊಳಗಿದ್ದ ಭಾಗದಾಗ ಮಣ್ಣಿನ ಗೆರಿ ಕಂಡ್ರ ಗಾಡಿ ನೀರಾಗ ನಿಂತಿರಬಹುದು. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ನರಗುಂದ ಕಡೆ ಕೊಣ್ಣೂರಿಗೆ ನೀರು ಹೊಕ್ಕಿದ್ದು ನೆನಪೈತೆಲ್ಲ, ಅಂಥ ನೀರು ಕಾರ್ ಒಳಗ ಬಂದ್ರ ಸೀಟ್ ತೊಳದ್ರೂ ಬೆಲ್ಟ್ ಸುರಳಿ, ಸ್ಟೆಪ್ನಿ ಕೆಳಗಿನ ಮೂಲಿ ಯಾರೂ ತೊಳ್ಯಂಗಿಲ್ಲ. ಕೀಲಿ ತಿರುವಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಆರಬೇಕು. ಹತ್ತಲೇ ಇಲ್ಲಂದ್ರ ಯಾರೋ ಆ ಲೈಟ್ ಕಿತ್ತಿರಬಹುದು, ಮೆಕ್ಯಾನಿಕ್‌ಗೆ ತೋರಸ್ರಿ.

ಅಡ್ವಾನ್ಸ್ ಕೊಡೋಕಿಂತ ಮೊದ್ಲ ಸ್ಟಾಂಪ್ ಪೇಪರ್ ಮ್ಯಾಲೆ ಬರಸ್ಕೊಳ್ರಿ: ಈ ಗಾಡಿ ಟೋಟಲ್ ಲಾಸ್ ಆಗಿಲ್ಲ, ಪ್ರವಾಹದಾಗ ಮುಳುಗಿಲ್ಲ, ಚಾಸಿ ಕತ್ತರಿಸಿಲ್ಲ, ಆಗಿದ್ರ ಯಾವಾಗ ಏನಾತು. ಗೊತ್ತಿದ್ದದ್ದನ್ನ ಮುಚ್ಚಿಟ್ಟು ಮಾರಿದ್ರ 1872ರ ಕರಾರು ಕಾಯ್ದೆಯೊಳಗ ಅದು ಮೋಸ, ವ್ಯವಹಾರ ರದ್ದು ಮಾಡಾಕ ಬರ್ತೈತಿ. ಡೀಲರ್ ಹತ್ರ ತಗೊಂಡಿದ್ರ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಖಾಸಗಿ ಮಂದಿ ಹತ್ರ ತಗೊಂಡಾವ್ರಿಗೆ ಈ ಕಾಗದಾನ ಆಧಾರ.

ಆಮ್ಯಾಲೆ ಫಾರ್ಮ್ 29, 30 ಸಹಿ ಮಾಡಿಸ್ಕೊಂಡು ಆರ್‌ಟಿಒದಾಗ ಹೆಸರು ಬದಲಿಸ್ರಿ, 14 ದಿನದೊಳಗ ಇನ್ಶೂರೆನ್ಸ್‌ನವ್ರಿಗೂ ತಿಳಿಸ್ರಿ.

ನಮ್ಮ ಹುಡುಗ ಈಗ ಆ ಗಾಡಿ ಮಾರಾಕ ಇಟ್ಟಾನ. ಕೇಳಾಕ ಬಂದಾವ್ರಿಗೆ ಮೊದ್ಲ ಮೊಬೈಲ್ ತಗದು ಲಿಫ್ಟ್ ಮ್ಯಾಲಿನ ಆ ವೆಲ್ಡಿಂಗ್ ಫೋಟೋ ತೋರಿಸ್ತಾನ, ಆಮ್ಯಾಲೆ ರೇಟ್ ಹೇಳ್ತಾನ.