ರೊಟ್ಟಿ ಬಡಿಯುತ್ತಾ ಪ್ರಾರ್ಥನೆ: ಡೊಂಬಿವಲಿಯಿಂದ ನನ್ನ ಅನುಭವ

ನನ್ನ ಬೆಳಗಿನ ಪ್ರಾರ್ಥನೆ ಈಗ ಸುಮಾರು ಆರು ವರ್ಷದಿಂದ ನಿಂತಿಲ್ಲ. ಡೆಂಗ್ಯೂ ಬಂದು ಮಲಗಿದ ಹತ್ತು ಹನ್ನೊಂದು ದಿನ ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ನಾವು ಕ್ರೈಸ್ತರು ಮನೆಗಳಲ್ಲಿ ಸೇರಿ ಪ್ರಾರ್ಥಿಸುವ ನಮ್ಮ ಮನೆಕೂಟದಲ್ಲಿ ಇಷ್ಟು ದಿನ ಹಿಡಿದು ನಡೆಸಿದವರು ಬೇರೆ ಯಾರೂ ಇಲ್ಲ. ಆದರೆ ರೊಟ್ಟಿ ಬಡಿಯುತ್ತಾ ಪ್ರಾರ್ಥಿಸಲು ಶುರು ಮಾಡಿದಾಗ ಯಾರೂ ನಂಬಲಿಲ್ಲ. ಗದಗದ ಕಡೆಯ ಹಿರಿಯಮ್ಮ ಒಬ್ಬರು ಎಲ್ಲರ ಮುಂದೆಯೇ ಹೇಳಿದರು: "ರೊಟ್ಟಿ ಬಡಿಯೂದ ಪ್ರಾರ್ಥನಾ ಆಗಿದ್ರ ನಮ್ಮೂರಾಗ ಎಲ್ಲಾರೂ ದೇವದೂತರ ಆಗತಿದ್ರು, ತಂಗಿ." ಆ ಮಾತು ಮನಸ್ಸಿಗೆ ನಾಟಿತ್ತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಗದಗದ ಪಕ್ಕದ ಬೆಟಗೇರಿಯವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದೆ. ಎರಡು ಖಾನಾವಳಿಗೆ ಮತ್ತು ನಾಲ್ಕಾರು ಮನೆಗೆ ಜೋಳದ ರೊಟ್ಟಿ ಮಾಡಿ ಕೊಡುತ್ತೇನೆ. ದಿನಕ್ಕೆ 120ರ ಆಸುಪಾಸು. ಶುರುವಿನಲ್ಲಿ ಒಂದಕ್ಕೆ 9 ರೂಪಾಯಿ ಸಿಗುತ್ತಿತ್ತು, ಈಗ 14. ಬೆಳಗ್ಗೆ ನಾಲ್ಕಕ್ಕೆ ಎಸರು ಇಟ್ಟರೆ ಏಳರ ಹೊತ್ತಿಗೆ ಕೊನೆಯ ರೊಟ್ಟಿ ಹಂಚಿನಿಂದ ಇಳಿಯಬೇಕು. ಪ್ರಾರ್ಥನೆಗೆ ಹೊತ್ತು ಎಲ್ಲಿಂದ ತರುವುದು?

ಮೊದಲು ಎಲ್ಲರಂತೆ ಅಲಾರಾಂ ಇಟ್ಟೆ. ಮೂರೂಕಾಲಕ್ಕೆ ಎದ್ದು ಮೊಣಕಾಲೂರಿದರೆ ಹಾಗೇ ಮಂಚಕ್ಕೆ ತಲೆಯಿಟ್ಟು ನಿದ್ದೆ. ಎರಡು ವಾರದಲ್ಲಿ ಮೂರು ಸಲ ಎಸರು ತಡವಾಗಿ ಖಾನಾವಳಿಯವರು ಬೈದರು. ಆಮೇಲೆ 21 ದಿನದ ಉಪವಾಸ ಹಿಡಿದೆ. ಆರನೇ ದಿನ ಹಂಚಿನ ಮುಂದೆಯೇ ತಲೆ ತಿರುಗಿ ಬಿದ್ದೆ. ಆ ವಾರ ಮೂರು ಸಾವಿರಕ್ಕೂ ಜಾಸ್ತಿ ಹೋಯಿತು. ನಮ್ಮ ಸಭೆಯ, ಅಂದರೆ ಚರ್ಚಿನ, ಕೆಲವು ಹೆಂಗಸರು ಸೇರಿ ಶುಕ್ರವಾರ ರಾತ್ರಿಗೆ ಒಂದು ಹಾಲ್ ಹಿಡಿದೆವು. ಬಾಡಿಗೆ 1500, ಚಹಾ ಉಪ್ಪಿಟ್ಟಿಗೆ ಮತ್ತೆ ಐದಾರು ನೂರು. ನಾಲ್ಕನೇ ಶುಕ್ರವಾರಕ್ಕೆ ಐದೇ ಜನ ಉಳಿದೆವು, ಬಾಕಿ ನಾನೇ ಕಟ್ಟಿದೆ. ಹೊರಗಿನಿಂದ ಬಂದ ಒಬ್ಬ ಬೋಧಕರು "ವಿಶ್ವಾಸದ ಬೀಜ ಬಿತ್ತಿರಿ" ಎಂದಾಗ 11,000 ಕೊಟ್ಟೆ. ಮಗಳ ಶಾಲೆಯ ಫೀಜಿಗೆ ತೆಗೆದಿಟ್ಟ ದುಡ್ಡು ಅದು. ಆ ವಿಷಯ ನೆನೆದರೆ ಈಗಲೂ ಸಂಕಟವಾಗುತ್ತದೆ. ಪ್ರಾರ್ಥನೆಗೆ ದುಡ್ಡು ಕೇಳುವವರ ಹತ್ತಿರ ನಾನು ಮತ್ತೆ ಹೋಗಿಲ್ಲ.

ದಾರಿ ಸಿಕ್ಕಿದ್ದು ಹಂಚಿನ ಮುಂದೆಯೇ. ಒಂದು ದಿನ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಾ ರೊಟ್ಟಿ ಹಾಕಿದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನುವಾಗ ಮೇಲೆ ನೀರು ಸವರಿದೆ. "ನಮ್ಮ ಅನುದಿನದ ಆಹಾರವನ್ನು" ಅನ್ನುವ ಹೊತ್ತಿಗೆ ನೀರು ಆರಿ, ಮಗುಚುವುದಕ್ಕೆ ಸರಿಯಾಗಿತ್ತು. "ಕ್ಷಮಿಸು" ಅನ್ನುವಾಗ ಅರಿವೆಯಿಂದ ಒತ್ತಿದೆ, ರೊಟ್ಟಿ ಉಬ್ಬಿತು. ಆಮೆನ್ ಅನ್ನುವಾಗ ಇಳಿಸಿದೆ. ಮರುದಿನವೂ ಹಾಗೇ ಆಯಿತು. ನಿಧಾನಕ್ಕೆ ಹೇಳಿದರೆ ಅಳತೆ ತಪ್ಪುವುದಿಲ್ಲ. ಉರಿ ಜಾಸ್ತಿ ಇದ್ದರೆ ಮಾತ್ರ ಮೊದಲೇ ಮಗುಚಬೇಕು.

ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಒಪ್ಪಲಿಲ್ಲ. ಬೈಬಲಿನ ಮತ್ತಾಯ 6ನೇ ಅಧ್ಯಾಯ ತೆಗೆದರು. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದಿದೆ, ಹೇಳಿದ್ದನ್ನೇ ಸುಮ್ನೆ ಹೇಳಬೇಡ ಎಂದೂ ಇದೆ, ನೀನು ಎರಡನ್ನೂ ಮೀರುತ್ತೀಯಲ್ಲಮ್ಮಾ ಎಂದರು. ನಾನು ಒಂದು ವಾರ ಓದಿ ಹೋಗಿ ಹೇಳಿದೆ: "ಅಯ್ಯನವರೇ, ನಾಲ್ಕು ಗಂಟೆಗೆ ನನ್ನ ಅಡುಗೆಮನೆಯಷ್ಟು ಏಕಾಂತ ಡೊಂಬಿವಲಿಯಲ್ಲಿ ಎಲ್ಲಿದೆ ಹೇಳಿ. ಇನ್ನು ಹೇಳಿದ್ದನ್ನೇ ಹೇಳುವ ಮಾತು. ಅದೇ ಮತ್ತಾಯದ 26ರಲ್ಲಿ ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದ ಅಂತ ಇದೆಯಲ್ಲ?" ಅವರು ನಕ್ಕು, ನಡೆಸಿ ನೋಡು ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು ಅನ್ನುವುದು ನನಗೆ ಬೇಗ ತಿಳಿಯಿತು.

ಯಾಕೆಂದರೆ ಮೊದಲು ನಾನು ಒಂದು ರೊಟ್ಟಿಗೆ ಒಂದು ಹೆಸರು ಹಿಡಿದೆ. 120 ರೊಟ್ಟಿ, 120 ಜನ. ಒಂದೂವರೆ ತಿಂಗಳಲ್ಲಿ ಅದು ಶಾಲೆಯ ಹಾಜರಿ ಕರೆದಂತೆ ಆಯಿತು. ಹೆಸರು ಬಾಯಿಗೆ ಬರುತ್ತಿತ್ತು, ಮುಖ ಕಣ್ಣಿಗೆ ಬರುತ್ತಿರಲಿಲ್ಲ. ಈಗ ಹತ್ತು ರೊಟ್ಟಿಗೆ ಒಬ್ಬರು, ದಿನಕ್ಕೆ ಹನ್ನೆರಡು ಜನ. ಮೊದಲ ರೊಟ್ಟಿಯಲ್ಲಿ ಅವರ ಹೆಸರು ಮಾತ್ರ. ಎರಡು ಮೂರರಲ್ಲಿ ಅವರಿಗಾಗಿ ಸ್ತೋತ್ರ. ಐದು ಆರನೆಯದಕ್ಕೆ ಬಂದಾಗ ಅವರ ಕಷ್ಟ ತಾನಾಗಿ ನೆನಪಾಗುತ್ತದೆ. ನಾನು ಹುಡುಕಬೇಕಾಗಿಲ್ಲ. ಹಿಟ್ಟು ನಾದುವಾಗ ನನ್ನ ಪಾಪದ ಅರಿಕೆ. ನಾದುವುದಕ್ಕೆ ತೋಳಿನ ಬಲ ಬೇಕು, ಅದಕ್ಕೂ ಬೇಕು. ಕೊನೆಯ ಹತ್ತಕ್ಕೆ ಯಾರ ಹೆಸರು ಹಿಡಿಯುತ್ತೇನೆ, ಮನಸ್ಸು ಅಲೆದಾಗ ಹೇಗೆ ತಿರುಗಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ಕೂತು ಬಡಿಯುವವರಿಗೆ ತೋರಿಸುತ್ತೇನೆ.

ನಿಜವಾದ ತೊಡಕು ಬೇರೆ ಇತ್ತು. "ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವಲ್ಲಿ ನನ್ನ ನಾಲಿಗೆ ನಿಲ್ಲುತ್ತಿತ್ತು. ನಿಂತರೆ ರೊಟ್ಟಿ ಸೀಯುತ್ತದೆ. ದಿನಕ್ಕೆ ನಾಲ್ಕೈದು ಸೀದವು. ನನ್ನ ಮೈದುನ ಬೆಟಗೇರಿ ಮನೆಯ ಪಾಲಿನಲ್ಲಿ ನಮಗೆ ಬರಬೇಕಾದ ಎರಡು ಲಕ್ಷ ಇಟ್ಟುಕೊಂಡಿದ್ದ. ಒಂಬತ್ತು ವರ್ಷ ಮಾತಿರಲಿಲ್ಲ. ದಿನಕ್ಕೆ 120 ಸಲ ಆ ಮಾತು ಹೇಳುವವಳು ಅವನನ್ನು ಎಷ್ಟು ದಿನ ದಾಟಿಕೊಂಡು ಹೋಗಬಹುದು? ಅವನ ಹೆಸರನ್ನೇ ಮೊದಲ ಹತ್ತಕ್ಕೆ ಹಾಕಿದೆ. ಮೊದಲ ತಿಂಗಳು ಸಿಟ್ಟಿನಲ್ಲೇ ಬಡಿದೆ, ಅಂಚು ಒಡೆಯುತ್ತಿದ್ದವು. ನಾಲ್ಕನೇ ತಿಂಗಳಿಗೆ ಅವನು ಚಿಕ್ಕವನಿದ್ದಾಗ ನನ್ನ ಹತ್ತಿರ ಬಿಸಿ ರೊಟ್ಟಿಗೆ ಬೆಣ್ಣೆ ಕೇಳಿ ತಿನ್ನುತ್ತಿದ್ದುದು ನೆನಪಾಯಿತು. ಎಂಟನೇ ತಿಂಗಳಲ್ಲಿ ನಾನೇ ಫೋನ್ ಮಾಡಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಯೇಸು ಹೇಳಿದ್ದು ಇದನ್ನೇ ಅಲ್ವಾ? ಆ ಕಡೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ವೈನಿ, ಊಟ ಆತೇನ್ರಿ" ಅಂದ. ಇಲ್ಲಿಯ ತನಕ 70,000 ಕೊಟ್ಟಿದ್ದಾನೆ. ಉಳಿದದ್ದು ಬರಲಿ ಬಿಡಲಿ, ರೊಟ್ಟಿ ಸೀಯುವುದು ನಿಂತಿದೆ.

ಬೇರೆ ಬೇರೆ ಪ್ರಯೋಗ ಮಾಡಿದ್ದೂ ಹೇಳಬೇಕು. ಹಾಡುತ್ತಾ ಬಡಿದು ನೋಡಿದೆ. ನಮ್ಮ ಕಡೆ ಸಭೆ ಕಟ್ಟಿದ ಬಾಸೆಲ್ ಮಿಶನ್ ಕಾಲದ ಕೀರ್ತನೆಗಳು ಜರ್ಮನ್ ರಾಗದವು, ಎಳೆದು ಹಾಡಬೇಕು, ಕೈ ನಿಲ್ಲುತ್ತದೆ. ಪಕ್ಕದ ಮನೆಯ ಮರಾಠಿ ಅಕ್ಕ ಕಲಿಸಿದ ಭಜನೆಯ ಧಾಟಿ ಕೈಗೆ ಚೆನ್ನಾಗಿ ಕೂಡುತ್ತದೆ. ಡಬ್ಬಿ ಹಿಡಿದು ದಾದರಕ್ಕೆ ಹೋಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಉದ್ದ ಪ್ರಾರ್ಥನೆ ಪ್ರಯತ್ನಿಸಿ ಕೈಬಿಟ್ಟೆ. ಆ ನೂಕಾಟದಲ್ಲಿ ಆಗುವುದಿಲ್ಲ. ಅಲ್ಲಿಗೆ ಬೈಬಲಿನ ನೆಹೆಮೀಯನ ಚಿಕ್ಕ ಪ್ರಾರ್ಥನೆ ಸರಿ. ಅವನು ಪರ್ಷಿಯದ ಅರಸನ ಪಾನಸೇವಕ. ಅರಸನು ಪ್ರಶ್ನೆ ಕೇಳಿದ್ದಕ್ಕೂ ಇವನು ಉತ್ತರ ಕೊಟ್ಟಿದ್ದಕ್ಕೂ ನಡುವೆ ಎಷ್ಟು ಹೊತ್ತು ಸಿಕ್ಕೀತು? ಅಷ್ಟರಲ್ಲೇ ಮುಗಿಸಿದ. ಕುರ್ಲಾ ಸ್ಟೇಷನ್ನಿನಲ್ಲಿ ಜನ ನುಗ್ಗುವಾಗ ನನಗೂ ಅಷ್ಟೇ ಸಿಗುತ್ತದೆ.

ಒಮ್ಮೆ ಪುಣೆಯಿಂದ ದೌಂಡ್ ಪ್ಯಾಸೆಂಜರ್ ಹಿಡಿದು ಕೇಡಗಾಂವಕ್ಕೂ ಹೋಗಿ ಬಂದೆ. ಪಂಡಿತಾ ರಮಾಬಾಯಿಯವರು ಅನಾಥ ಹುಡುಗಿಯರಿಗೂ ವಿಧವೆಯರಿಗೂ ಆಶ್ರಯವಾಗಿ ಕಟ್ಟಿದ ಮುಕ್ತಿ ಮಿಶನ್ ಇರುವ ಊರು. 1858ರಲ್ಲಿ ನಮ್ಮ ಕನ್ನಡ ನಾಡಿನ ಘಟ್ಟದಲ್ಲಿ ಹುಟ್ಟಿದವರು, ಬರಗಾಲದ ಹಸಿವನ್ನು ಸ್ವತಃ ಕಂಡವರು. 1905ರಲ್ಲಿ ಅಲ್ಲಿ ಹುಡುಗಿಯರು ಗುಂಪುಗುಂಪಾಗಿ ಪ್ರಾರ್ಥನೆಗೆ ಕೂತಾಗ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಆಯಿತು ಅನ್ನುವುದು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಆ ಹುಡುಗಿಯರಿಗೆ ನೇಯ್ಗೆ, ಛಾಪಖಾನೆ ಕೆಲಸ ಎಲ್ಲಾ ಕಲಿಸಿದ್ದರು. ಪ್ರಾರ್ಥನೆಯಿಂದ ಎದ್ದು ಮಗ್ಗಕ್ಕೆ ಕೂರುವವರು ಅವರು. ನಮ್ಮ ಹಿರಿಯಮ್ಮನಿಗೆ ಬಂದು ಇದನ್ನೇ ಹೇಳಿದೆ.

ಲೆಕ್ಕಕ್ಕೆ ಒಂದು ಉದ್ರಿ ಪುಸ್ತಕ ಇಟ್ಟಿದ್ದೇನೆ, ಕಿರಾಣಿ ಅಂಗಡಿಯವರ ಕೆಂಪು ರಟ್ಟಿನದು. ಎಡಕ್ಕೆ ಬೇಡಿದ್ದು, ಬಲಕ್ಕೆ ಆದದ್ದು. ಮುನ್ನೂರರ ಹತ್ತಿರ ಬರೆದಿದ್ದೇನೆ. ತೊಂಬತ್ತರಷ್ಟು ಕೇಳಿದಂತೆಯೇ ಆಯಿತು, ಮೂವತ್ತು ನಲವತ್ತು ಬೇರೆ ರೀತಿ ಆಯಿತು, ಮಿಕ್ಕದ್ದು ಬಾಕಿ. ನ್ಯಾಯಾಧಿಪತಿಯ ಬೆನ್ನು ಬಿಡದೆ ನ್ಯಾಯ ಕೇಳಿದ ಲೂಕ 18ರ ವಿಧವೆಯಂತೆ ಬಾಕಿಯವನ್ನು ಬಿಡದೆ ಕೇಳುತ್ತಿದ್ದೇನೆ.

ಒಂದು ಸಾಲು ಮಾತ್ರ ಬಾಕಿಯೂ ಅಲ್ಲ. ನನ್ನ ತಮ್ಮನಿಗೆ ಕಿಡ್ನಿ ಹೋಗಿತ್ತು. ಹದಿನಾಲ್ಕು ತಿಂಗಳು ದಿನಾ ಹತ್ತು ರೊಟ್ಟಿ ಅವನದು. ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮರುವಾರ ಅವನ ಹತ್ತು ರೊಟ್ಟಿ ಬಂದಾಗ ಒಂದು ಮಾತೂ ಬರಲಿಲ್ಲ, ಬರೀ ಬಡಿದೆ. ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಅದು ಏನು ಎಂದು ಅವತ್ತು ಗೊತ್ತಾಯಿತು. ಗೆತ್ಸೆಮನೆಯಲ್ಲಿ ಯೇಸು ಕಷ್ಟದ ಪಾತ್ರೆ ತೊಲಗಲಿ ಎಂದು ಬೇಡಿದರೂ ಅದು ತೊಲಗಲಿಲ್ಲ. ಆ ಸಾಲಿನ ಬಲಭಾಗ ಖಾಲಿ ಬಿಟ್ಟಿದ್ದೇನೆ. ಅವನ ಹತ್ತು ರೊಟ್ಟಿ ಈಗ ಅವನ ಹೆಂಡತಿಯ ಹೆಸರಿಗೆ.

ಈಗ ಕಲ್ಯಾಣ, ಉಲ್ಲಾಸನಗರ ಸೇರಿ ಏಳು ಹೆಂಗಸರು ಹೀಗೆ ನಡೆಸುತ್ತಿದ್ದಾರೆ. ಒಬ್ಬಳು ಇಡ್ಲಿ ಮಾಡುವವಳು, ಒಬ್ಬಳು ಫಾಲ್ ಬೀಡಿಂಗ್ ಹಾಕುವವಳು. ಸೀರೆಯ ಅಂಚಿನ ಒಂದೊಂದು ಮೊಳಕ್ಕೆ ಒಬ್ಬರನ್ನು ಹಿಡಿಯುತ್ತಾಳೆ. ಖರ್ಚು ಒಂದು ಪೈಸೆ ಇಲ್ಲ. ಆ ಹಿರಿಯಮ್ಮ ಹೋದ ತಿಂಗಳು ತಾವೇ ಫೋನ್ ಮಾಡಿ, ಮೊಮ್ಮಗನ ಹೆಸರನ್ನು ಹನ್ನೆರಡರಲ್ಲಿ ಸೇರಿಸು ಎಂದರು. ಸೇರಿಸಿದೆ.

ಮೈದುನನ ಮಗಳು ನರ್ಸಿಂಗ್ ಓದುವುದಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ನಾಲ್ಕಕ್ಕೆ ತಾನೇ ಎದ್ದು ಪರಾತದ ಮುಂದೆ ಕೂರುತ್ತಾಳೆ. ಅವಳ ರೊಟ್ಟಿ ಇನ್ನೂ ಅಂಚಿನಲ್ಲಿ ಒಡೆಯುತ್ತದೆ. ಸದ್ಯಕ್ಕೆ ನಾಲ್ಕು ಹೆಸರು ಹಿಡಿದಿದ್ದಾಳೆ, ಮೊದಲನೆಯದು ಅಪ್ಪನದು.