ಕ್ವಿಯರ್ ಗೆಳೆಯರ ಜೊತೆ ಕೂತು ಝೀನ್ ತರೋದು ಹೇಗೆ

ಎಂಟು ಎ4 ಹಾಳೆ ಮಧ್ಯಕ್ಕೆ ಮಡಚಿ ಬೆನ್ನಿಗೆ ಎರಡು ಪಿನ್ ಹೊಡೆದ್ರೆ 32 ಪುಟದ ಝೀನ್, ಅಂದ್ರೆ ನಾವೇ ಬರೆದು ನಾವೇ ಅಚ್ಚು ಹಾಕಿಸೋ ಸಣ್ಣ ಪತ್ರಿಕೆ, ಆಯ್ತು, ಅಷ್ಟು ಸುಲಭ. 1990ರಲ್ಲಿ ಮುಂಬೈಯಲ್ಲಿ ಅಶೋಕ್ ರಾವ್ ಕವಿ ಅವರು ಬಾಂಬೆ ದೋಸ್ತ್ ಅನ್ನೋ ಗೇ ಪತ್ರಿಕೆ ಶುರು ಮಾಡಿದಾಗಿಂದ್ಲೂ ನಮ್ಮ ಕ್ವಿಯರ್ ಜನ (ಗೇ, ಲೆಸ್ಬಿಯನ್, ಟ್ರಾನ್ಸ್, ಹೀಗೆ) ಇಂಥ ಸಣ್ಣ ಸಣ್ಣ ಪತ್ರಿಕೆ ಮಾಡ್ಕೊಂಡೇ ಬಂದಿದಾರೆ. ಕಷ್ಟ ಇರೋದು ಮಡಚೋದ್ರಲ್ಲಲ್ಲ, ಆ 32 ಪುಟ ಯಾರ ಕೈಲಿರುತ್ತೆ ಅನ್ನೋದ್ರಲ್ಲಿ. ಬೆಂಗಳೂರಲ್ಲಿ ನಾವೊಂದಷ್ಟು ಜನ ಸೇರಿ ಮಾಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲನೇ ಮೀಟಿಂಗಲ್ಲೇ ದುಡ್ಡಿನ ಮಾತು ಮುಗಿಸಿ. ಅವತ್ತಿನ ಸಂಪಾದನೆ ಬಿಟ್ಟು ಬಂದು ಕೂತಿರೋರು ಇರ್ತಾರೆ, ಅವರಿಗೆ ಬಸ್ ಚಾರ್ಜು, ಊಟ, ದಿನದ ಗೌರವಧನ ಅವತ್ತೇ ಕೈಗೆ ಹೋಗ್ಬೇಕು. ಮಾರಾಟ ಆದ್ಮೇಲೆ ಕೊಡ್ತೀವಿ ಅನ್ನೋ ಮಾತು ಬೇಡವೇ ಬೇಡ. ಪ್ರಿಂಟಿಗೆ ಉಳಿದಷ್ಟರಲ್ಲಿ ಪ್ರತಿ ಕಮ್ಮಿ ಹಾಕ್ಸಿ, ಪರವಾಗಿಲ್ಲ.

ಆಮೇಲೆ ಒಂದು ಪುಟದ ಒಪ್ಪಿಗೆ ಪತ್ರ, ಕನ್ನಡದಲ್ಲಿ, ಜೋರಾಗಿ ಓದಿ ಹೇಳ್ಬೇಕು. "ಈ ಒಂದು ಮುದ್ರಣಕ್ಕೆ, ಇಷ್ಟು ಪ್ರತಿಗೆ ಮಾತ್ರ ಅನುಮತಿ, ಹಕ್ಕು ಬರೆದವರದೇ" ಅಂತ ಸ್ಪಷ್ಟವಾಗಿ ಹಾಕಿ, ಯಾಕಂದ್ರೆ ಹಕ್ಕು ಬರೆದುಕೊಡೋ ಕಾಗದದಲ್ಲಿ ಎಷ್ಟು ಕಾಲಕ್ಕೆ ಅಂತ ಹೇಳ್ದೆ ಬಿಟ್ರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನ 5 ವರ್ಷ ಅಂತ ತಗೊಳುತ್ತೆ, ಎಲ್ಲಿಗೆ ಅಂತ ಹೇಳ್ದಿದ್ರೆ ಇಡೀ ಭಾರತಕ್ಕೆ. ಪಿಡಿಎಫ್ ಆನ್‌ಲೈನ್ ಹಾಕೋದಕ್ಕೆ ಬೇರೆ ಸಹಿ ತಗೊಳ್ಳಿ, ಕಾಗದದ ಪುಸ್ತಕ ನೂರು ಜನಕ್ಕೆ ಹೋದ್ರೆ ಪಿಡಿಎಫ್ ಯಾರ ವಾಟ್ಸಾಪಿಗೆ ಹೋಗುತ್ತೋ ಗೊತ್ತಾಗಲ್ಲ.

ಈ ಸಹಿ ಒಂದ್ಸಲ ಸಾಲಲ್ಲ ಅನ್ನೋದೇ ನಾನು ಮುಖ್ಯವಾಗಿ ಹೇಳ್ಬೇಕಂತಿರೋದು. ನಮ್ಮ ಗೆಳತಿಯೊಬ್ಬರು ತಮ್ಮ ಮನೆ ಬಿಟ್ಟು ಬಂದ ಕತೆನ ಚಿತ್ರ ಬಿಡಿಸಿ ಕಾಮಿಕ್ಸ್ ಥರ ಮಾಡಿದ್ರು, ಹೆಸರು ಬದಲಾಯ್ಸಿದ್ರು, ಊರಿನ ಹೆಸರು ತೆಗೆದಿದ್ರು, ಎಲ್ಲಾ ಸರಿ ಇತ್ತು. ಡಮ್ಮಿ ಕಾಪಿ, ಅಂದ್ರೆ ಅಚ್ಚಿಗೆ ಮುಂಚೆ ಮಾಡೋ ಮಾದರಿ ಪ್ರತಿ, ಕೈಗೆ ಕೊಟ್ಟಾಗ ಮೂರನೇ ಪುಟದ ಮೇಲೆ ಬೆರಳಿಟ್ಟು ಸುಮ್ಮನೆ ಕೂತ್ಬಿಟ್ರು. ನೀಲಿ ಗೇಟು, ಪಕ್ಕದಲ್ಲೇ ಹಾಲಿನ ಡೈರಿ ಬೋರ್ಡು. "ಇದನ್ನ ನೋಡಿದ್ರೆ ನಮ್ಮೂರೋರಿಗೆ ಹೆಸರೇ ಬೇಕಾಗಿಲ್ಲ" ಅಂದ್ರು. ಬೋರ್ಡಿರೋ ಜಾಗದಲ್ಲಿ ಬಾಳೆಗಿಡ ಬರೆದ್ರು, ಗೇಟು ಬಿಡಲಿಲ್ಲ, ಅದು ಬೇಕೇ ಬೇಕು ಅಂದ್ರು. ಇದು ಮೊದಲ ಸಹಿ ಹೊತ್ತಲ್ಲಿ ಯಾರಿಗೂ ಹೊಳೆಯೋ ವಿಷಯ ಅಲ್ಲ, ಅದಕ್ಕೇ ನಿಜವಾದ ಸೈಜಲ್ಲಿ ಡಮ್ಮಿ ಮಾಡಿ ಪುಟ ತಿರುಗಿಸಿ ನೋಡಿದ್ಮೇಲೆ ಇನ್ನೊಂದ್ಸಲ ಕೇಳ್ಬೇಕು, ಬೇಡ ಅಂದ್ರೆ ಕಾರಣ ಕೇಳ್ದೆ ತೆಗೀಬೇಕು.

ಭಾಷೆ ತಿದ್ದೋಕೆ ಹೋಗ್ಬೇಡಿ. ಬಳ್ಳಾರಿ ಕಡೆಯ ಜೋಗಪ್ಪ ಒಬ್ಬರು "ಹಿಂಗ ಆಗೈತಿ" ಅಂದ್ರೆ ಹಂಗೇ ಅಚ್ಚಾಗ್ಲಿ, ಕಾಗುಣಿತ ನೋಡಿ ಸಾಕು. ಮಂಗಳಮುಖಿ, ಹಿಜ್ರಾ, ಟ್ರಾನ್ಸ್ ಹೆಣ್ಣು, ಕೋಥಿ (ಹೆಣ್ಣಿನ ನಡೆನುಡಿ ಇರೋ ಗಂಡಸರು ತಮ್ಮನ್ನ ಕರ್ಕೊಳ್ಳೋ ಪದ), ಕ್ವಿಯರ್, ಯಾರು ತಮ್ಮನ್ನ ಏನಂತ ಕರ್ಕೋತಾರೋ ಅದೇ ಪದ ಹಾಕಿ, ಎಲ್ಲರಿಗೂ ಒಂದೇ ಪದ ಹೊಂದಿಸ್ಬೇಡಿ. ಒಬ್ಬರು ಹೇಳಿ ಇನ್ನೊಬ್ಬರು ಬರ್ಕೊಂಡಿದ್ರೆ ಹೇಳಿದೋರ ಹೆಸರು ಮೊದಲು ಬರ್ಬೇಕು.

ಇನ್ನು ಪ್ರೆಸ್ಸು. ಪಿನ್ ಹೊಡೆಯೋ ಪುಸ್ತಕಕ್ಕೆ ಪುಟ ನಾಲ್ಕರ ಲೆಕ್ಕದಲ್ಲೇ ಇರ್ಬೇಕು, ಕಾಗದದ ದಪ್ಪ ಅಳೆಯೋ ಜಿಎಸ್ಎಂ ಲೆಕ್ಕದಲ್ಲಿ ಒಳಗೆ 80 ಇಲ್ಲಾ 100, ಕವರಿಗೆ 250. ಪ್ರತಿ ಕಮ್ಮಿ ಇದ್ರೆ ಡಿಜಿಟಲ್ಲೇ ಸರಿ, ಆಫ್‌ಸೆಟ್ಟಲ್ಲಿ ಪ್ಲೇಟಿನ ಖರ್ಚು ಮೈಮೇಲೆ ಬರುತ್ತೆ. ಕನ್ನಡಕ್ಕೆ ಇರೋ ದೊಡ್ಡ ತಲೆನೋವು ಫಾಂಟು. ನಮ್ಮ ಯೂನಿಕೋಡ್ ಫೈಲನ್ನ ಒಂದು ಪ್ರೆಸ್ಸಲ್ಲಿ ಹಳೇ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದ್ರು, ಒತ್ತಕ್ಷರ ಎಲ್ಲಾ ಬಿಚ್ಕೊಂಡು, ಅಪ್ಪನಿಗೆ ಬರೆದ ಪತ್ರದಲ್ಲಿ "ಅಪ್ಪ" ಅನ್ನೋದೆಲ್ಲಾ "ಅಪ್‌ಪ" ಆಗಿತ್ತು, 200 ಪ್ರತಿ. ಬರೆದವರ ಮುಖ ನೋಡೋಕಾಗ್ಲಿಲ್ಲ, ಪೂರ್ತಿ ಮತ್ತೆ ಹಾಕ್ಸಿದ್ವಿ. ಫಾಂಟ್ ಒಳಗೇ ಸೇರಿರೋ ಪಿಡಿಎಫ್ ಕೊಡಿ, ಅದೇ ಮೆಷಿನ್ನಲ್ಲಿ ಒಂದು ಪ್ರೂಫ್ ತೆಗೆಸಿ ಅಲ್ಲೇ ನಿಂತು ಓದಿ. ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆ ನಾಲ್ಕು ಅಂಗಡಿ ಸುತ್ತಿದ್ರೆ ಕಾಗದ ಮುಟ್ಟಿ ನೋಡ್ಬಹುದು. ಒಳಗೇನಿದೆ ಅಂತ ಪ್ರೆಸ್ಸಿನೋರಿಗೆ ಮುಂಚೆನೇ ಹೇಳಿ, ಅವರು ಮುಖ ಸಿಂಡರಿಸಿದ್ರೆ ಕಲಾವಿದರನ್ನ ಅಲ್ಲಿಗೆ ಕರ್ಕೊಂಡು ಹೋಗೋದು ತಪ್ಪುತ್ತೆ.

ಐಎಸ್‌ಬಿಎನ್ ಅಂದ್ರೆ ಪುಸ್ತಕಕ್ಕೆ ಕೊಡೋ ಗುರುತಿನ ನಂಬರ್, ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತೆ, ಆದ್ರೆ ಅರ್ಜಿ ಹಾಕೋರ ಗುರುತಿನ ದಾಖಲೆ ಕೊಡ್ಬೇಕು, ಯಾರ ಹೆಸರಲ್ಲಿ ಅಂತ ಕೂತು ತೀರ್ಮಾನ ಮಾಡಿ. ಸಣ್ಣ ಝೀನಿಗೆ ಅದಿಲ್ದಿದ್ರೂ ನಡೆಯುತ್ತೆ. ಪ್ರೈಡ್ ಮೆರವಣಿಗೆ ಹೊತ್ತಲ್ಲಿ ಮಾರಾಟ ಆಗುತ್ತೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಲ್ಲಿರೋ ಕ್ವಾಮ್ರಾ ಅನ್ನೋ ಕ್ವಿಯರ್ ಆರ್ಕೈವಿಗೆ (ದಾಖಲೆ ಸಂಗ್ರಹಕ್ಕೆ) ಎರಡು ಪ್ರತಿ ಕೊಡೋಕಾಗುತ್ತಾ ಕೇಳಿ ನೋಡಿ.

ಮಾಡಿದೋರಿಗೆ ತಲಾ ಹತ್ತು ಪ್ರತಿ ಕೊಡಿ. ಕೆಲವರು ಮನೆಗೆ ತಗೊಂಡು ಹೋಗೋ ಹಾಗಿರಲ್ಲ. ಅಂಥೋರ ಪ್ರತಿಗಳನ್ನ ನಮ್ಮ ಬೀರೂಲಿ ಬ್ರೌನ್ ಕವರಿಗೆ ಹಾಕಿ ಹೆಸರು ಬರೆದು ಇಟ್ಟಿದೀವಿ, ಅವರೇ ಆಗಾಗ ಬಂದು ಒಂದೊಂದು ತಗೊಂಡು ಹೋಗ್ತಾರೆ.