ಮತ್ತೆ ಅದೇ ಬಿಸ್ಕತ್ತು, ಮತ್ತೆ ಅದೇ ನೋಟ್‌ಬುಕ್

ಯಾರಿಗಾದರೂ ಕೈಯಾರೆ ಏನಾದರೂ ಮಾಡಿ ಕೊಡಬೇಕೆಂದರೆ ನಾನು ಮಾಡುವುದು ಎರಡೇ. ಬೆಣ್ಣೆ ಬಿಸ್ಕತ್ತು, ದಾರದಲ್ಲಿ ಹೊಲಿದ ಸಣ್ಣ ನೋಟ್‌ಬುಕ್. ಮನೆಯವರ ಹುಟ್ಟಿದ ದಿನಕ್ಕೂ ಇದೇ, ಊರು ಬಿಟ್ಟು ಹೊರಟ ಗೆಳತಿಗೂ ಇದೇ. "ಮತ್ತೆ ಅದೇನಾ?" ಎಂದು ತಂಗಿ ರೇಗಿಸುತ್ತಾಳೆ. ಹೌದು, ಮತ್ತೆ ಅದೇ.

ಮೊದಲು ಹೀಗಿರಲಿಲ್ಲ. ಸಲಕ್ಕೊಂದು ಹೊಸ ಹುಚ್ಚು. ಒಮ್ಮೆ ಮೂರು ಪದರದ ಕೇಕು, ಒಮ್ಮೆ ಕ್ರೋಶೆ ಟೋಪಿ, ಒಮ್ಮೆ ಮೇಣದಬತ್ತಿ. ಯಾವುದನ್ನೂ ಎರಡನೇ ಸಲ ಮಾಡಲಿಲ್ಲ. ಮೊದಲ ಸಲ ಆಗುವ ತಪ್ಪುಗಳನ್ನೆಲ್ಲ ಚೆಂದದ ಕಾಗದದಲ್ಲಿ ಸುತ್ತಿ ಹಂಚುತ್ತಿದ್ದೆ ಅಷ್ಟೇ. ಅಳತೆಗೆಂದು ಒಂದು ಸಣ್ಣ ಚೌಕ ಹೆಣೆದು ನೋಡುವ ತಾಳ್ಮೆ ಇಲ್ಲದೆ ನೇರ ಟೋಪಿಗೇ ಕೈ ಹಾಕಿದ್ದೆ. ಅದು ಅಣ್ಣನ ತಲೆಗಲ್ಲ, ಕುಂಬಳಕಾಯಿಗೆ ಆಗುವಷ್ಟು ದೊಡ್ಡದಾಯಿತು. ಕೇಕಿನ ಕಥೆ ಇನ್ನೂ ಚೆನ್ನಾಗಿದೆ. ಬೆಂದಿದೆಯೋ ಇಲ್ಲವೋ ಎಂದು ಎರಡು ಸಲ ಓವನ್ ಬಾಗಿಲು ತೆಗೆದೆ. ನಡುವೆ ಕುಸಿದು ಹಳ್ಳ ಬಿತ್ತು. ಆ ಹಳ್ಳಕ್ಕೆ ಕ್ರೀಮು ಸುರಿದು ಮಟ್ಟ ಮಾಡಿದೆ. ನಡುವಿನ ತುಂಡು ಸಿಕ್ಕವರಿಗೆ ಕೇಕಿಗಿಂತ ಕ್ರೀಮೇ ಜಾಸ್ತಿ.

ಆಮೇಲೆ ಒಂದು ವರ್ಷ ಬೇರೆ ಏನೂ ಬೇಡ, ಇವೆರಡನ್ನೇ ಮಾಡುತ್ತೇನೆ ಎಂದು ಕೂತೆ. ಆ ವರ್ಷ ಮುಗಿದು ಎಷ್ಟೋ ಕಾಲವಾಯಿತು, ಅಭ್ಯಾಸ ಮಾತ್ರ ಬಿಡಲಿಲ್ಲ.

ಬಿಸ್ಕತ್ತು ಅಂದರೆ ಶಾರ್ಟ್‌ಬ್ರೆಡ್. ಮೊಟ್ಟೆ ಬೇಡ, ಸೋಡಾ ಬೇಡ. ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. ನಾನು 100 ಗ್ರಾಂ, 200 ಗ್ರಾಂ, 300 ಗ್ರಾಂ ಇಡುತ್ತೇನೆ. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಚಮಚ ಉಪ್ಪು. ಸುಮಾರು 40 ಬಿಸ್ಕತ್ತು ಬರುತ್ತವೆ. ಆದರೆ ಇದು ತೂಕದ ಲೆಕ್ಕ, ಕಪ್ಪಿನದ್ದಲ್ಲ. ಮೈದಾವನ್ನು ಹಗುರವಾಗಿ ತುಂಬಿದರೆ ಒಂದು ಕಪ್ಪು 120 ಗ್ರಾಂ ತೂಗುತ್ತದೆ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ 150 ದಾಟಬಹುದು. ಒಂದು ಸಲ ಬಾಯಲ್ಲಿ ಕರಗುವ ಬಿಸ್ಕತ್ತು, ಇನ್ನೊಂದು ಸಲ ಹಿಟ್ಟು ಹಿಟ್ಟಾಗಿ ಉದುರುವ ಬಿಸ್ಕತ್ತು ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು. ಈ ಕೆಲಸಕ್ಕೆ ಒಂದೇ ಒಂದು ಸಾಮಾನು ಕೊಳ್ಳಿ ಅಂದರೆ ನಾನು ತಕ್ಕಡಿ ಅನ್ನುತ್ತೇನೆ. ಎರಡನೆಯದಕ್ಕೂ ಅವಕಾಶ ಇದ್ದರೆ ಓವನ್ ಒಳಗೆ ಇಡುವ ಥರ್ಮಾಮೀಟರ್. ನನ್ನ ಓವನ್ ಗುಂಡಿಯಲ್ಲಿ 160 ಎಂದು ತೋರಿಸಿ ಒಳಗೆ 180 ಕಾಯುತ್ತಿತ್ತು. ವರ್ಷಗಟ್ಟಲೆ ನನ್ನ ಕೈಗುಣವನ್ನೇ ಬೈದುಕೊಂಡಿದ್ದೆ.

ಬೆಣ್ಣೆ ಕರಗಿರಬಾರದು, ಕಲ್ಲಾಗಿಯೂ ಇರಬಾರದು. ಬೆರಳಲ್ಲಿ ಒತ್ತಿದರೆ ಗುಳಿ ಬೀಳಬೇಕು, ಬೆರಳು ಮಾತ್ರ ಒಳಗೆ ಜಾರಬಾರದು. ಬೆಣ್ಣೆ, ಸಕ್ಕರೆ ಕಲಸಿ, ಮೈದಾ ಹಾಕಿದ ಮೇಲೆ ಕೈ ಬೇಗ ತೆಗೆಯಬೇಕು. ಬೆಣ್ಣೆಯಲ್ಲೂ ಸ್ವಲ್ಪ ನೀರಿರುತ್ತದೆ. ನಾದುತ್ತಾ ಹೋದರೆ ಮೈದಾ ಜಿಗುಟಾಗಿ, ಬಿಸ್ಕತ್ತು ಪುಡಿಯಾಗುವ ಬದಲು ಗಟ್ಟಿಯಾಗುತ್ತದೆ. ಹಿಟ್ಟು ಒಂದು ಮುದ್ದೆಯಾಗಿ ಕೂತರೆ ಸಾಕು, ನುಣ್ಣಗಾಗಲೇಬೇಕು ಅಂತೇನಿಲ್ಲ. ಉರುಳೆ ಮಾಡಿ, ಬೇಕಿಂಗ್ ಕಾಗದದಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಒಂದು ಗಂಟೆ. ಆಮೇಲೆ ಒಂದು ಸೆಂಟಿಮೀಟರಿಗಿಂತ ತುಸು ತೆಳ್ಳಗೆ ಕೊಯ್ದು, ನಿಜವಾದ 160 ಡಿಗ್ರಿಯಲ್ಲಿ 20 ನಿಮಿಷ.

ತೆಗೆಯುವ ಗಳಿಗೆಯಲ್ಲೇ ಎಲ್ಲರೂ ಎಡವುವುದು. ಅಂಚು ಮಾತ್ರ ಕೆಂಪಗಾಗಿರುತ್ತದೆ, ನಡುವೆ ಬೆಳ್ಳಗೆ. ಮುಟ್ಟಿದರೆ ಮೆತ್ತಗೆ. ಬೆಂದಿಲ್ಲ ಅಂತಲೇ ಅನಿಸುತ್ತದೆ. ನಾನು ಹಾಗೆ ಅಂದುಕೊಂಡು ಇನ್ನೂ ಹತ್ತು ನಿಮಿಷ ಬಿಟ್ಟೆ. ತಣ್ಣಗಾದ ಮೇಲೆ ಅವು ನೆಲಕ್ಕೆ ಹಾಸುವ ಬಿಲ್ಲೆಗಳಾಗಿದ್ದವು. ಬೆಣ್ಣೆ ಆರಿದಾಗಲೇ ಬಿಸ್ಕತ್ತು ಗಟ್ಟಿಯಾಗುವುದು, ಓವನ್ನಿನಲ್ಲಲ್ಲ. ತಟ್ಟೆಯಲ್ಲೇ ಐದು ನಿಮಿಷ ಬಿಟ್ಟು ಜಾಲರಿಗೆ ದಾಟಿಸಿ, ಸುಮ್ನೆ ದೂರ ಹೋಗಿ.

ಇನ್ನು ಡಬ್ಬಿಗೆ ತುಂಬುವುದು. ಪೂರ್ತಿ ಆರಿದ ಮೇಲೆ ಅಂದರೆ ಪೂರ್ತಿ ಆರಿದ ಮೇಲೆ. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದರೆ ಆವಿ ಒಳಗೇ ನೀರಾಗಿ ಗರಿಗರಿ ಹೋಗುತ್ತದೆ. ಕೇಕು, ಬಿಸ್ಕತ್ತು ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೂ ಇದೇ ಗತಿ. ಕೇಕಿನ ತೇವ ಬಿಸ್ಕತ್ತಿಗೆ ಹೋಗುತ್ತದೆ, ಎರಡೂ ಕೆಡುತ್ತವೆ. ಮತ್ತೆ, ಬಾದಾಮಿಯೋ ಗೋಡಂಬಿಯೋ ಹಾಕುವುದಾದರೆ ಮೊದಲೇ ಕೇಳಿಬಿಡಿ. ಅಚ್ಚರಿ ಕೆಟ್ಟರೂ ಪರವಾಗಿಲ್ಲ, ಅಲರ್ಜಿ ಇದ್ದವರಿಗೆ ಅದು ಆಟವಲ್ಲ.

ನೋಟ್‌ಬುಕ್ಕಿಗೆ ಬಂದರೆ, ಹೊಲಿಗೆ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೊಲಿಗೆ ಹತ್ತು ನಿಮಿಷದ ಕೆಲಸ. ಎಂಟು ಎ4 ಹಾಳೆಗಳನ್ನು ನಡುವಿಗೆ ಮಡಚಿದರೆ 32 ಪುಟ. ಮೇಲೊಂದು ದಪ್ಪ ಹಾಳೆ. ಮಡಿಕೆಯ ಮೇಲೆ ಮೂರು ತೂತು: ಒಂದು ನಡುವೆ, ಉಳಿದೆರಡು ತುದಿಗಳಿಂದ ಮೂರು ಸೆಂಟಿಮೀಟರ್ ಒಳಗೆ. ದಾರ ಪುಸ್ತಕದ ಎತ್ತರದ ಮೂರರಷ್ಟು ಉದ್ದ ಇರಲಿ, ಒಂದು ಸಲ ಮೇಣಕ್ಕೆ ತಿಕ್ಕಿರಿ. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನದರಲ್ಲಿ ಒಳಕ್ಕೆ, ಅಲ್ಲಿಂದ ನೇರ ಕೆಳಗಿನದರಲ್ಲಿ ಹೊರಕ್ಕೆ, ಮತ್ತೆ ನಡುವಿನದರಲ್ಲಿ ಒಳಕ್ಕೆ. ಒಳಗಿರುವ ಉದ್ದ ದಾರದ ಈ ಕಡೆ ಒಂದು ತುದಿ, ಆ ಕಡೆ ಒಂದು ತುದಿ ಇರುವಂತೆ ಬಿಗಿದು ಗಂಟು ಹಾಕಿದರೆ ಮುಗಿಯಿತು. ತೂತಿಗೆ ನಾನು ದಬ್ಬಳ ಬಳಸುತ್ತೇನೆ. ಸೂಜಿಯಲ್ಲೇ ಒತ್ತಿ ತೂರಿಸಲು ಹೋಗಿ ಕಾಗದ ಹರಿದದ್ದಕ್ಕಿಂತ ಬೆರಳು ಚುಚ್ಚಿಕೊಂಡದ್ದೇ ಹೆಚ್ಚು.

ನಿಜವಾದ ಕಷ್ಟ ಕಾಗದದ್ದು. ನನ್ನ ಮೊದಲ ಹತ್ತಾರು ನೋಟ್‌ಬುಕ್‌ಗಳು ಬಾಯಿ ತೆರೆದುಕೊಂಡೇ ಇರುತ್ತಿದ್ದವು. ಭಾರ ಹೇರಿ ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ಮತ್ತೆ ಆ ಅಂತ ಬಾಯಿ. ಕಾರಣ, ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಇರುತ್ತದೆ. ನಾರಿನ ಗುಂಟ ಮಡಚಿದರೆ ಸಲೀಸಾಗಿ ಕೂರುತ್ತದೆ, ಅಡ್ಡ ಮಡಚಿದರೆ ಎದ್ದೇಳುತ್ತದೆ. ಅಂಗಡಿಯ ಎ4 ಹಾಳೆಯಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೆ ಓಡುತ್ತದೆ, ನಾವು ಮಡಚುವುದು ಅದಕ್ಕೆ ಅಡ್ಡ. ಈಗ ನಾನು ಎ3 ಹಾಳೆ ತಂದು ಎರಡಾಗಿ ಕತ್ತರಿಸುತ್ತೇನೆ. ಅಳತೆ ಅದೇ ಎ4, ಆದರೆ ನಾರಿನ ದಿಕ್ಕು ಮಡಿಕೆಗೆ ಸರಿಯಾಗಿ ಸಿಗುತ್ತದೆ. ಅನುಮಾನ ಇದ್ದರೆ ಹಾಳೆಯನ್ನು ಎರಡೂ ಕಡೆಯಿಂದ ಹಗುರವಾಗಿ ಬಾಗಿಸಿ ನೋಡಿ, ಯಾವ ಕಡೆ ಮೆತ್ತಗೆ ಬಾಗುತ್ತದೋ ಆ ಬಾಗಿನ ಗೆರೆಯ ಗುಂಟವೇ ನಾರಿನ ದಿಕ್ಕು. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಕಾಗದ ಉಳಿಯುತ್ತಿತ್ತೋ.

ಹೊಲಿದ ಮೇಲೆ ನಡುವಿನ ಹಾಳೆಗಳು ಅಂಚಿನಲ್ಲಿ ಸ್ವಲ್ಪ ಹೊರಗೆ ಚಾಚಿರುತ್ತವೆ. ಉಕ್ಕಿನ ಸ್ಕೇಲು ಇಟ್ಟು, ಹೊಸ ಬ್ಲೇಡಿನಲ್ಲಿ ಹಗುರವಾಗಿ ಏಳೆಂಟು ಸಲ ಎಳೆದು ಕತ್ತರಿಸುತ್ತೇನೆ. ಒಂದೇ ಏಟಿಗೆ ಕತ್ತರಿಸುವ ಆಸೆಯಲ್ಲಿ ಎಡಗೈ ಹೆಬ್ಬೆರಳಿನ ಉಗುರಿನ ತುದಿ ಕಳೆದುಕೊಂಡಿದ್ದೇನೆ.

ಎರಡೂ ಕೆಲಸ ಒಂದೇ ದಿನ ಬೇಡ. ಬೆಣ್ಣೆಯ ಕೈ ಕಾಗದಕ್ಕೆ ತಾಗಿದರೆ ಕಲೆ ಹೋಗುವುದಿಲ್ಲ. ನೋಟ್‌ಬುಕ್ ಹದಿನೈದು ದಿನ ಮುಂಚೆಯೇ ಮುಗಿದಿರುತ್ತದೆ. ಹಿಟ್ಟಿನ ಉರುಳೆ ಒಂದೆರಡು ಯಾವಾಗಲೂ ಫ್ರೀಜರಿನಲ್ಲಿ ಇರುತ್ತವೆ. ಕೊಡುವ ಹಿಂದಿನ ದಿನ ಕೊಯ್ದು ಸುಡುವುದಷ್ಟೇ. ಶಾರ್ಟ್‌ಬ್ರೆಡ್ ಮಾರನೇ ದಿನವೇ ಹೆಚ್ಚು ರುಚಿ, ನನ್ನ ನಾಲಿಗೆಗೆ.

ಒಂದು ವಿಷಯ ಮಾತ್ರ ಬಹಳ ದಿನ ಕಾಡುತ್ತಿತ್ತು. ಬಿಸ್ಕತ್ತು ಎರಡು ದಿನದಲ್ಲಿ ಖಾಲಿ, ನೋಟ್‌ಬುಕ್ ಮಾತ್ರ ಹಾಗೇ. ವರ್ಷ ಕಳೆದು ಹೋಗಿ ನೋಡಿದರೂ ಕಪಾಟಿನಲ್ಲಿ ಖಾಲಿ ಕೂತಿರುತ್ತಿತ್ತು. "ಇಷ್ಟು ಚೆನ್ನಾಗಿದೆ, ಬರೆದು ಹಾಳು ಮಾಡೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದರು. ಈಗ ಮೊದಲ ಪುಟವನ್ನು ನಾನೇ ಹಾಳು ಮಾಡಿ ಕೊಡುತ್ತೇನೆ. ಈ ಬಿಸ್ಕತ್ತಿನ ಅಳತೆಯನ್ನು, 1, 2, 3 ಎಂದು, ನನ್ನ ಕಾಗೆ ಕಾಲಿನ ಅಕ್ಷರದಲ್ಲೇ ಬರೆದು.

ಊರು ಬಿಟ್ಟು ಹೋದ ಗೆಳತಿ ಮೊನ್ನೆ ಆ ಪುಟದ ಫೋಟೋ ಕಳಿಸಿದ್ದಳು. ಮೂಲೆಯಲ್ಲಿ ದೊಡ್ಡದೊಂದು ಬೆಣ್ಣೆ ಕಲೆ. ನಾನು ಬರೆದ 160ರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಅವಳ ಕೈಯಲ್ಲಿ 150 ಎಂದಿತ್ತು.